ಉಂಡೆ ಇವತ್ತು ಎಲ್ಲಿದ್ದಾಳೆ?

ಜನವರಿಯ ಬೆಳಿಗ್ಗೆ ಆರೂವರೆ. ಮಿನೆಸೋಟಾದಲ್ಲಿ ಹೊರಗೆ ಮೈನಸ್ 24 ಡಿಗ್ರಿ ಚಳಿ. ಕಿಟಕಿ ಗಾಜಿನ ಒಳಮೈಗೂ ಅಂಚಿನಲ್ಲಿ ಹಿಮ ಕಟ್ಟಿತ್ತು. ಕಾಫಿ ಲೋಟ ಹಿಡಿದು ಮೊಮ್ಮಗಳ ಕೋಣೆಯ ಬಾಗಿಲಿಗೆ ಹೋದರೆ, ಕಂಬಳಿಯೊಳಗಿಂದಲೇ ಅವಳ ದಿನನಿತ್ಯದ ಪ್ರಶ್ನೆ ಬರುತ್ತಿತ್ತು: “ಅಜ್ಜಾ, ಉಂಡೆ ಇವತ್ತು ಎಲ್ಲಿದ್ದಾಳೆ ನೋಡು.” ನಾನು ಬಗ್ಗಿ ನೋಡಿ ಹೇಳಬೇಕು. ಬಲಕ್ಕೆ, ಎಡಕ್ಕೆ ಅಥವಾ ನಡುವೆ. ಅವಳು ದಿಂಬಿನ ಪಕ್ಕದ ನೋಟ್‌ಬುಕ್ ತೆಗೆದು ತಾರೀಖಿನ ಮುಂದೆ ಆ ಒಂದು ಪದ ಬರೆದುಕೊಳ್ಳುತ್ತಿದ್ದಳು.

ಉಂಡೆ ಎಂದರೆ ಅವಳು ಸಾಕಿದ ಹಾವು. ಬಾಲ್ ಪೈಥಾನ್ ಜಾತಿಯ, ನಾಲ್ಕಡಿ ಉದ್ದದ ಹೆಣ್ಣು ಹೆಬ್ಬಾವು. ಘಾನಾ, ಟೋಗೊ, ಬೆನಿನ್ ಮುಂತಾದ ಪಶ್ಚಿಮ ಆಫ್ರಿಕಾದ ದೇಶಗಳ ಹುಲ್ಲುಗಾವಲು ಈ ಜಾತಿಯ ತವರು. ಇವಳು ಮಾತ್ರ ಹುಟ್ಟಿದ್ದೇ ಅಮೆರಿಕದಲ್ಲಿ, ಹಾವು ಸಾಕುವವರೊಬ್ಬರ ಮನೆಯಲ್ಲಿ. ಹೆದರಿದಾಗ ತಲೆಯನ್ನು ಒಳಗಿಟ್ಟು ಮೈಯನ್ನೆಲ್ಲ ಅದರ ಸುತ್ತ ಬಿಗಿಯಾಗಿ ಸುತ್ತಿಕೊಳ್ಳುವುದರಿಂದ ಇಂಗ್ಲಿಷಿನವರು ಚೆಂಡು ಎಂದು ಹೆಸರಿಟ್ಟರು. ವಿಡಿಯೊ ಕರೆಯಲ್ಲಿ ಮೊದಲ ಸಲ ಅದನ್ನು ಕಂಡ ನನ್ನ ಹೆಂಡತಿ “ಎಳ್ಳುಂಡೆ ಇದ್ದ ಹಾಗಿದೆಯಲ್ಲೇ” ಅಂದಳು. ಹೆಸರು ಹಾಗೇ ನಿಂತಿತು.

ಸಾಗರದ ಸುತ್ತಮುತ್ತಲ ಪಿಯು ಕಾಲೇಜುಗಳಲ್ಲಿ ಮೂವತ್ತೊಂದು ವರ್ಷ ಜೀವಶಾಸ್ತ್ರ ಹೇಳಿಕೊಟ್ಟವನು ನಾನು. ಸರೀಸೃಪಗಳು ಶೀತರಕ್ತ ಪ್ರಾಣಿಗಳು ಎಂದು ಎಷ್ಟು ಸಲ ಕರಿಹಲಗೆಯ ಮೇಲೆ ಬರೆದಿದ್ದೇನೋ. ಆರು ತಿಂಗಳು ಆ ಹಾವಿನ ಜೊತೆ ಒಂದೇ ಸೂರಿನಡಿ ಇದ್ದು ಬಂದ ಮೇಲೆ ಆ ಪದವನ್ನು ಬಳಸಲು ನನಗೆ ಮನಸ್ಸಿಲ್ಲ. ಬಿಸಿಲು ಕಾಯಿಸಿಕೊಂಡ ಹಾವಿನ ರಕ್ತ ನಮ್ಮ ರಕ್ತಕ್ಕಿಂತ ಹೆಚ್ಚೇನೂ ತಣ್ಣಗಿರುವುದಿಲ್ಲ. ವ್ಯತ್ಯಾಸವಿರುವುದು ಬಿಸಿ ಬರುವ ದಾರಿಯಲ್ಲಿ. ನಾವು ಉಂಡದ್ದನ್ನು ಒಳಗೇ ಉರಿಸಿ ಮೈ ಬೆಚ್ಚಗಿಟ್ಟುಕೊಳ್ಳುತ್ತೇವೆ. ಹಾವು ಬಿಸಿಲಿನಿಂದ, ಕಲ್ಲಿನಿಂದ, ಮಣ್ಣಿನಿಂದ ಬಿಸಿಯನ್ನು ಕಡ ತರುತ್ತದೆ. ಅಷ್ಟೇ ತೂಕದ ಬೆಕ್ಕಿಗೋ ನಾಯಿಮರಿಗೋ ಬೇಕಾಗುವ ಆಹಾರದ ಹತ್ತನೆಯ ಒಂದು ಪಾಲೂ ಹಾವಿಗೆ ಬೇಡ. ಹದಿನೈದು ದಿನಕ್ಕೊಂದು ಇಲಿ ಸಾಕಾಗುವುದು ಇದರಿಂದಲೇ. ಈ ಮಿತವ್ಯಯಕ್ಕೆ ಅದು ತೆರುವ ಬೆಲೆಯೆಂದರೆ, ಬಿಸಿ ಇರುವಲ್ಲಿಗೆ ತಾನೇ ಹೋಗಬೇಕು, ಸಾಕಾದಾಗ ತಾನೇ ಎದ್ದು ಬರಬೇಕು. ನಮಗೆ ಮೈಬಿಸಿ ಎನ್ನುವುದು ಒಳಗಿನ ಸಂಗತಿ. ಹಾವಿಗೆ ಅದೊಂದು ಜಾಗ.

ನಮ್ಮೂರಿನಲ್ಲಿ ಇದನ್ನು ಎಲ್ಲರೂ ಕಂಡಿದ್ದೇವೆ. ಪುಷ್ಯದ ಬೆಳಿಗ್ಗೆ ಇಬ್ಬನಿ ಹರಿದು ಬಿಸಿಲು ಬೀಳುವಾಗ ತೋಟದಂಚಿನ ಕಲ್ಲಿನ ಪಾಗಾರದ ಮೇಲೆ ಕೇರೆಹಾವು ಮಲಗಿರುತ್ತದೆ. ಮೈಯನ್ನು ಪೂರಾ ಹೊರಗೆ ಚಾಚುವುದಿಲ್ಲ. ಅರ್ಧ ಕಲ್ಲಿನ ಸಂದಿಯಲ್ಲಿ, ಅರ್ಧ ಬಿಸಿಲಲ್ಲಿ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಹೊರಗಿದ್ದ ಪಾಲು ಒಳಗೆ, ಒಳಗಿದ್ದದ್ದು ಹೊರಗೆ. ಬಿಸಿಲು ಚುರುಗುಟ್ಟುವ ಹೊತ್ತಿಗೆ ಹಾವೇ ಇರುವುದಿಲ್ಲ, ಇಲಿ ಅರಸಿ ತೋಟಕ್ಕೆ ಇಳಿದಿರುತ್ತದೆ. ನನ್ನ ತಂದೆ ಅದನ್ನು ಕಂಡರೆ ದಾರಿ ಬದಲಿಸಿ ಸುತ್ತುಹಾಕಿ ಹೋಗುತ್ತಿದ್ದರು. “ಅದಕ್ಕಿನ್ನೂ ಬೆಳಗಾಗಲಿಲ್ಲ” ಎನ್ನುತ್ತಿದ್ದರು. ವಿಜ್ಞಾನ ಓದಿದ ನಾನು ಇದಕ್ಕಿಂತ ಚೆನ್ನಾಗಿ ತರಗತಿಯಲ್ಲಿ ಎಂದೂ ಹೇಳಲಿಲ್ಲ.

ಈ ಓಡಾಟಕ್ಕೆ ಲೆಕ್ಕವಿದೆ ಎಂದು ತೋರಿಸಿಕೊಟ್ಟವರು ಕ್ಯಾಲಿಫೋರ್ನಿಯಾದ ಕೊಚೆಲ್ಲಾ ಕಣಿವೆಯಲ್ಲಿ ಕೆಲಸ ಮಾಡಿದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್. ಮರುಭೂಮಿಯ ಹಾವು-ಹಲ್ಲಿಗಳು ಎಷ್ಟು ಬಿಸಿಲನ್ನಾದರೂ ತಾಳುತ್ತವೆ ಎಂಬ ನಂಬಿಕೆ ಅಲ್ಲಿಯವರೆಗೂ ಗಟ್ಟಿಯಾಗಿತ್ತು. ನೆರಳಿಗೆ ಹೋಗದಂತೆ ತಡೆದು ಬಿಸಿಲಲ್ಲಿಟ್ಟರೆ ಆ ಪ್ರಾಣಿಗಳೇ ನೋಡನೋಡುತ್ತ ಸಾಯುತ್ತಿದ್ದವು. ಬಿಟ್ಟರೆ ಬಿಸಿಲು ನೆರಳುಗಳ ನಡುವೆ ಓಡಾಡಿ ಮೈಬಿಸಿಯನ್ನು ಕೆಲವೇ ಡಿಗ್ರಿಗಳ ಅಂತರದೊಳಗೆ ಹಿಡಿದಿಟ್ಟುಕೊಳ್ಳುತ್ತಿದ್ದವು. 1944ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಸರೀಸೃಪಗಳನ್ನು ನೋಡುವ ಬಗೆಯನ್ನೇ ಬದಲಿಸಿತು. ಕೌಲ್ಸ್ ಮುಂದೊಮ್ಮೆ ಹಲ್ಲಿಗಳಿಗೆ ಮಿಂಕ್ ತುಪ್ಪಳದ ಪುಟ್ಟ ಕೋಟು ತೊಡಿಸಿ ನೋಡಿದರು. ಕೋಟು ತೊಟ್ಟ ಹಲ್ಲಿ ಬಿಸಿಲಿನಲ್ಲಿ ಬೇಗ ಕಾಯಲಿಲ್ಲ, ನಿಧಾನವಾಗಿ ಕಾಯಿತು. ಒಳಗೆ ಒಲೆಯೇ ಇಲ್ಲದವರಿಗೆ ಕಂಬಳಿ ಹೊದಿಸಿದರೆ ಹೊರಗಿನ ಬಿಸಿಗೂ ಅಡ್ಡಿ. ಚಳಿಗಾಲದಲ್ಲಿ ಹಾವಿಗೆ ಬಟ್ಟೆ ಹೊದಿಸಬಹುದೇ ಎಂದು ಕೇಳುವವರಿಗೆ ನಾನು ಈ ಪ್ರಯೋಗವನ್ನೇ ಹೇಳುವುದು.

ನನಗೆ ಇದಕ್ಕಿಂತಲೂ ಇಷ್ಟವಾದದ್ದು ಕಲ್ಲುಗಳ ಅಧ್ಯಯನ. 1989ರಲ್ಲಿ ರೇ ಹ್ಯೂಯಿ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ಈಗಲ್ ಸರೋವರದ ದಂಡೆಯ ಗಾರ್ಟರ್ ಹಾವುಗಳು ಎಂಥ ಕಲ್ಲಿನಡಿ ಸೇರಿಕೊಳ್ಳುತ್ತವೆ ಎಂದು ನೋಡಿದರು. ಅಲ್ಲಿ ಎಲ್ಲ ಗಾತ್ರದ ಕಲ್ಲುಗಳೂ ಇವೆ. ತೆಳು ಚಪ್ಪಡಿಯ ಅಡಿ ಮಧ್ಯಾಹ್ನ ಕಾದ ಬಾಣಲೆ, ರಾತ್ರಿ ಹಿಮ. ತೀರ ದಪ್ಪ ಬಂಡೆಯ ಅಡಿ ಹಗಲೂ ಬಿಸಿ ಇಳಿಯುವುದಿಲ್ಲ. ಹಾವುಗಳು ಆರಿಸಿಕೊಂಡದ್ದು ಹೆಚ್ಚಾಗಿ 20ರಿಂದ 40 ಸೆಂಟಿಮೀಟರ್ ದಪ್ಪದ ಕಲ್ಲುಗಳನ್ನು. ಅವುಗಳ ಅಡಿಯಲ್ಲಿದ್ದರೆ ಸುಟ್ಟುಕೊಳ್ಳುವ ಭಯವಿಲ್ಲದೆ, ಹೊರಗೆ ತಲೆಹಾಕದೆ, ಬಹಳ ಹೊತ್ತು ಹದವಾದ ಬಿಸಿಯಲ್ಲಿ ಇರಬಹುದು. ಹದ್ದಿನ ಕಣ್ಣಿಗೆ ಬೀಳುವ ಪ್ರಮೇಯವೂ ಇಲ್ಲ. ಗೇಣುದ್ದದ ಅಂತರದಲ್ಲಿ ಇಂಥ ಸೂಕ್ಷ್ಮವನ್ನು ಗುರುತಿಸಬಲ್ಲ ಪ್ರಾಣಿಯನ್ನು ನಾವು ಪೆಟ್ಟಿಗೆಯಲ್ಲಿ ಇಡುತ್ತೇವೆ.

ಉಂಡೆಯ ಪೆಟ್ಟಿಗೆ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಮುಂದೆ ಗಾಜಿನ ಬಾಗಿಲು, ನೆಲಕ್ಕೆ ತೆಂಗಿನ ಸಿಪ್ಪೆಯ ಪುಡಿ. ಬಲತುದಿ ಬಿಸಿ, ಎಡತುದಿ ತಂಪು. ಬಲಕ್ಕೆ ನೆಲದ ಬಿಸಿ 32 ಡಿಗ್ರಿ ಸೆಲ್ಸಿಯಸ್, ಎಡಕ್ಕೆ 25. ನಡುವಣ ನಾಲ್ಕಡಿಯಲ್ಲಿ ಉಳಿದ ಡಿಗ್ರಿಗಳೆಲ್ಲ ಸಾಲಾಗಿ ಹಾಸಿಕೊಂಡಿವೆ. ಅಮೆರಿಕದವಳಾದ್ದರಿಂದ ಮೊಮ್ಮಗಳು 90, 77 ಎಂದು ಫ್ಯಾರನ್‌ಹೀಟ್‌ನಲ್ಲಿ ಹೇಳುತ್ತಾಳೆ. ರಾತ್ರಿ ಒಂದೆರಡು ಡಿಗ್ರಿ ಇಳಿದರೆ ತೊಂದರೆ ಇಲ್ಲ, ಆದರೆ ಎಲ್ಲಿಯೂ 24ಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಳ್ಳಬೇಕು. ಇವು ಈ ಜಾತಿಗೆ ಸಲ್ಲುವ ಅಂಕಿಗಳು. ಅಮೆರಿಕದ್ದೇ ಆದ ಕಾರ್ನ್ ಸ್ನೇಕ್ ಸಾಕಿದವರು ತಂಪು ತುದಿಯನ್ನು ಇನ್ನೂ ಮೂರ್ನಾಲ್ಕು ಡಿಗ್ರಿ ಇಳಿಸುತ್ತಾರೆ. ಯಾವ ಹಾವು ಯಾವ ನೆಲದ್ದು ಎಂದು ತಿಳಿಯದೆ ಸ್ವಿಚ್ ಒತ್ತುವುದು ಸಲ್ಲದು.

ನಾನು ಹೋದ ಹೊಸದರಲ್ಲಿ ಪೆಟ್ಟಿಗೆಯೊಳಗೆ ಒಂದೇ ಬಿಲವಿತ್ತು. ಮರದ ತೊಗಟೆಯಂತೆ ಕಾಣುವ ಪ್ಲಾಸ್ಟಿಕ್ ಗೂಡು, ತಂಪು ತುದಿಯಲ್ಲಿ. ಬಿಸಿ ತುದಿ ಬೋಳು. ಉಂಡೆ ತಂಪಿನ ಬಿಲ ಬಿಟ್ಟು ಹೊರಗೇ ಬರುತ್ತಿರಲಿಲ್ಲ. ಕೊಟ್ಟ ಇಲಿಯನ್ನು ನುಂಗಿ ಮೂರನೇ ದಿನ ಹೊರಗೆ ಹಾಕಿತ್ತು. “ಅವಳಿಗೆ ತಂಪೇ ಇಷ್ಟ ಅಜ್ಜಾ, ಬಿಸಿ ಕಡೆ ಹೋಗೋದೇ ಇಲ್ಲ” ಎಂದಳು ಮೊಮ್ಮಗಳು. ಬಹುಪಾಲು ಜನ ಹೀಗೇ ತಿಳಿಯುತ್ತಾರೆ. ಆದರೆ ಹಾವು ಅಲ್ಲಿ ತಂಪನ್ನು ಆರಿಸಿಕೊಂಡಿರಲಿಲ್ಲ, ಮರೆಯನ್ನು ಆರಿಸಿಕೊಂಡಿತ್ತು. ಬಯಲಿಗೆ ಬರುವುದಕ್ಕಿಂತ ಚಳಿಯಲ್ಲಿರುವುದು ಮೇಲು ಎಂಬುದು ಅದರ ಲೆಕ್ಕ. ಜೀವಭಯ ಮತ್ತು ಮೈಬಿಸಿ ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ನಾವೇ ಅದನ್ನು ಒತ್ತಾಯಿಸಿದ್ದೆವು. ಆ ಶನಿವಾರವೇ ಅದೇ ಬಣ್ಣದ, ಅದೇ ಅಳತೆಯ ಇನ್ನೊಂದು ಬಿಲ ತಂದು ಬಿಸಿ ತುದಿಯಲ್ಲಿಟ್ಟೆವು. ಒಂದು ಹಿಡಿಸಿ ಇನ್ನೊಂದು ಹಿಡಿಸದಂತಾಗಬಾರದು ಎಂದು ಎರಡನ್ನೂ ಒಂದೇ ತರಹ ಇಟ್ಟದ್ದು. ನಡುವೆ ಒಣ ಎಲೆ, ಕಾರ್ಕ್ ತೊಗಟೆಗಳನ್ನು ಹರವಿ, ಮೈ ಮರೆಸಿಕೊಂಡೇ ಈ ತುದಿಯಿಂದ ಆ ತುದಿಗೆ ಹೋಗಲು ದಾರಿ ಮಾಡಿದೆವು. ಎರಡನೇ ರಾತ್ರಿ ಉಂಡೆ ಬಲಕ್ಕೆ ಹೋಗಿ ಮಲಗಿದ್ದಳು. ನೋಟ್‌ಬುಕ್ ಶುರುವಾದದ್ದು ಆ ಬೆಳಿಗ್ಗೆ.

ಆಫ್ರಿಕಾದಲ್ಲಿ ಈ ಹಾವು ಹಗಲೆಲ್ಲ ಇಲಿಗಳು ತೋಡಿದ ಬಿಲದಲ್ಲೋ ಹುತ್ತದಲ್ಲೋ ಇರುತ್ತದೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರುವ ಮಾತು ನಮ್ಮಲ್ಲಿ ಗಾದೆಯಾಗಿ, ವಚನವಾಗಿ, ನಾಗರಪಂಚಮಿಯ ಹಾಲಾಗಿ ಬೆಳೆದಿದೆ. ಬೆನಿನ್ನಿನ ಹಳ್ಳಿಯಲ್ಲೂ ಅದೇ ಸಂಗತಿ. ಹುತ್ತದ ದಪ್ಪ ಮಣ್ಣು ಹಗಲಿನ ಉರಿಯನ್ನು ಒಳಗೆ ಬಿಡುವುದಿಲ್ಲ, ರಾತ್ರಿಯ ತಂಪನ್ನೂ ತಡವಾಗಿ ಬಿಡುತ್ತದೆ. ಒಳಗಿನ ತೇವವೂ ಆರುವುದಿಲ್ಲ. ಹಾವಿಗೆ ಬಿಸಿಯಷ್ಟೇ ತೇವ ಮುಖ್ಯ. ಮಿನೆಸೋಟಾದ ಮನೆಗಳಲ್ಲಿ ಚಳಿಗಾಲವಿಡೀ ಬಿಸಿಗಾಳಿ ಬೀಸುವ ಯಂತ್ರ ಓಡುತ್ತಿರುತ್ತದೆ, ನಮ್ಮ ತುಟಿಯೇ ಒಡೆಯುತ್ತದೆ. ಗಾಳಿಯ ತೇವಾಂಶ ಶೇ 60ರ ಆಸುಪಾಸಿನಲ್ಲಿ ಇಲ್ಲದಿದ್ದರೆ ಉಂಡೆಯ ಪೊರೆ ಒಂದೇ ಚೀಲವಾಗಿ ಕಳಚದೆ ಚೂರುಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ. ನೀರಿನ ಬಟ್ಟಲನ್ನು ದೊಡ್ಡದು ಮಾಡಿ, ಬಿಸಿ ಬಿಲದೊಳಗೆ ಒದ್ದೆ ಪಾಚಿ ಇಟ್ಟು ಅದನ್ನು ಸರಿದೂಗಿಸಿದೆವು.

ನೋಟ್‌ಬುಕ್ಕಿನ ಮೂರು ತಿಂಗಳ ಪುಟಗಳನ್ನು ಒಂದು ಭಾನುವಾರ ಒಟ್ಟಿಗೆ ಓದಿದೆವು. ಇಲಿ ತಿಂದ ಮರುದಿನದಿಂದ ನಾಲ್ಕೈದು ದಿನ ಸಾಲಾಗಿ ಬಲಕ್ಕೆ, ಬಲಕ್ಕೆ. ಆಮೇಲೆ ನಡುವೆ. ಆಮೇಲೆ ಎಡಕ್ಕೆ. ಮತ್ತೆ ಇಲಿ, ಮತ್ತೆ ಬಲಕ್ಕೆ. ಪಠ್ಯಪುಸ್ತಕದಲ್ಲಿ ಓದಿದ್ದನ್ನು ಹದಿಮೂರರ ಹುಡುಗಿಯ ಕೈಬರಹದಲ್ಲಿ ಕಂಡು ನನಗೆ ರೋಮಾಂಚನವಾಯಿತು. ಇಡೀ ಇಲಿಯನ್ನು ನುಂಗಿದ ಹೆಬ್ಬಾವಿಗೆ ಅದನ್ನು ಕರಗಿಸುವುದು ಸಾಮಾನ್ಯ ಕೆಲಸವಲ್ಲ. 1990ರ ದಶಕದಲ್ಲಿ ಸ್ಟೀಫನ್ ಸೀಕರ್ ಮತ್ತು ಜೇರೆಡ್ ಡೈಮಂಡ್ ಬರ್ಮಾ ಹೆಬ್ಬಾವುಗಳ ಮೇಲೆ ನಡೆಸಿದ ಅಧ್ಯಯನಗಳಲ್ಲಿ, ಊಟದ ನಂತರ ಅವುಗಳ ದೇಹವ್ಯಾಪಾರ ಸುಮ್ಮನಿದ್ದಾಗಿನದಕ್ಕಿಂತ ಹತ್ತಾರು ಪಟ್ಟು ಏರುವುದು ಕಂಡಿತು. ಈ ಕೆಲಸಕ್ಕೆ ಬಿಸಿ ಬೇಕು. ಮೈಬಿಸಿ ಹತ್ತು ಡಿಗ್ರಿ ಇಳಿದರೆ ಒಳಗಿನ ರಾಸಾಯನಿಕ ಕ್ರಿಯೆಗಳ ವೇಗ ಅರ್ಧಕ್ಕೋ ಮೂರನೇ ಒಂದಕ್ಕೋ ಕುಸಿಯುತ್ತದೆ. ಇಲಿ ಕರಗುವ ಬದಲು ಹೊಟ್ಟೆಯಲ್ಲೇ ಕೊಳೆಯತೊಡಗುತ್ತದೆ. ಆಗ ಹಾವು ಅದನ್ನು ಕಕ್ಕುತ್ತದೆ. ತಂಪಿನ ಬಿಲದಲ್ಲಿ ಸಿಕ್ಕಿಕೊಂಡಿದ್ದ ಉಂಡೆ ಮಾಡಿದ್ದೂ ಅದನ್ನೇ.

ಕಾಯಿಲೆ ಬಿದ್ದ ಸರೀಸೃಪವೂ ಬಿಸಿ ಹುಡುಕುತ್ತದೆ. ನಮ್ಮ ಹಾಗೆ ಒಳಗಿನಿಂದ ಜ್ವರ ಬರಿಸಿಕೊಳ್ಳಲು ಆಗದ್ದಕ್ಕೆ ನಡೆದುಹೋಗಿ ಜ್ವರ ತಂದುಕೊಳ್ಳುತ್ತದೆ. 1970ರ ದಶಕದಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕ್ಲೂಗರ್ ತಂಡ ಮರುಭೂಮಿಯ ಇಗ್ವಾನಾಗಳಲ್ಲಿ ಇದನ್ನು ತೋರಿಸಿತು. ಸೋಂಕು ತಗುಲಿದವು ಹೆಚ್ಚು ಬಿಸಿಯ ತಾಣಕ್ಕೆ ಸರಿದವು. ಬಿಸಿಯಲ್ಲಿಟ್ಟವುಗಳಲ್ಲಿ ಬದುಕಿ ಉಳಿದವು ಹೆಚ್ಚು, ತಂಪಿನಲ್ಲಿಟ್ಟವುಗಳಲ್ಲಿ ಸತ್ತವು ಹೆಚ್ಚು. ಹಾಗಾಗಿ ಇಡೀ ಪೆಟ್ಟಿಗೆ ಒಂದೇ ಬಿಸಿಯಲ್ಲಿದ್ದರೆ, ಆ ಬಿಸಿ ಎಷ್ಟೇ ಸರಿಯಾಗಿರಲಿ, ಹಾವಿನ ಊಟ, ಔಷಧ, ವಿಶ್ರಾಂತಿ ಮೂರನ್ನೂ ನಾವು ಒಂದೇ ಅಳತೆಗೆ ಕಟ್ಟಿಹಾಕಿದಂತೆ. ಸಾಕುವವರು ಕೊಡಬೇಕಾದ್ದು ಬರಿಯ ಬಿಸಿಯನ್ನಲ್ಲ, ಬಿಸಿಯಿಂದ ತಂಪಿಗೆ, ತಂಪಿನಿಂದ ಬಿಸಿಗೆ ಅಂಜದೆ ಓಡಾಡುವ ಅನುಕೂಲವನ್ನು.

ಇನ್ನು ನಾನು ಮಾಡಿದ ತಪ್ಪು.

ಆ ಪೆಟ್ಟಿಗೆಗೆ ಆಗ ಬಿಸಿ ಕೊಡುತ್ತಿದ್ದದ್ದು ಬಲತುದಿಯ ನೆಲದಡಿಯ ಹೀಟ್ ಮ್ಯಾಟ್. ಕಾಗದದಷ್ಟು ತೆಳುವಾದ ವಿದ್ಯುತ್ ಚಾಪೆ. ಅದನ್ನು ಹಿಡಿತದಲ್ಲಿಡಲು ಥರ್ಮೋಸ್ಟಾಟ್, ಅದರಿಂದ ಹೊರಟ ವೈರಿನ ತುದಿಗೊಂದು ಸೆನ್ಸರ್. ಸೆನ್ಸರ್ ಬಿಸಿ ಬಿಲದ ನೆಲದಲ್ಲಿ ಕೂತಿರಬೇಕು. ಅಲ್ಲಿ 32 ಮುಟ್ಟಿದೊಡನೆ ಥರ್ಮೋಸ್ಟಾಟ್ ಕರೆಂಟ್ ತಡೆಯುತ್ತದೆ, ಇಳಿದರೆ ಮತ್ತೆ ಕೊಡುತ್ತದೆ. ಫೆಬ್ರುವರಿಯ ಒಂದು ದಿನ ಮಗಳು, ಅಳಿಯ, ಮೊಮ್ಮಗಳು ಹೊರಗೆ ಹೋಗಿದ್ದಾಗ, ಅವರು ಬರುವಷ್ಟರಲ್ಲಿ ಪೆಟ್ಟಿಗೆ ಚೊಕ್ಕ ಮಾಡಿಡೋಣ ಎಂದು ನಾನು ಕೈಹಾಕಿದೆ. ತೆಂಗಿನ ಪುಡಿ ಬದಲಿಸಿ, ಬಿಲಗಳನ್ನು ತೊಳೆದು ಇಟ್ಟೆ. ಸೆನ್ಸರನ್ನು ಅಂಟಿಸಿದ್ದ ಟೇಪು ಕಿತ್ತು ಬಂದದ್ದನ್ನು ಗಮನಿಸಲಿಲ್ಲ. ಅದು ಜಾರಿ ನೀರಿನ ಬಟ್ಟಲ ಪಕ್ಕ, ತಂಪಿನ ಕಡೆ ಬಿದ್ದಿತ್ತು. ಅಲ್ಲಿ 25 ಡಿಗ್ರಿ. ಥರ್ಮೋಸ್ಟಾಟ್ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿತು. ಇನ್ನೂ ಬಿಸಿ ಸಾಲದು, ಇನ್ನೂ ಸಾಲದು ಎಂದು ಇಡೀ ರಾತ್ರಿ ಚಾಪೆಗೆ ಕರೆಂಟ್ ಕೊಡುತ್ತಲೇ ಹೋಯಿತು.

ಬೆಳಿಗ್ಗೆ ಉಂಡೆ ಬಲಕ್ಕೇ ಇದ್ದಳು. ಹಾಗೇ ಹೇಳಿದೆ, ಹಾಗೇ ಬರೆದುಕೊಂಡಳು. ಸಂಜೆ ಎತ್ತಿದಾಗ ಹೊಟ್ಟೆಯ ಕೆಳಗಿನ ಆರೇಳು ಹುರುಪೆಗಳು ಕೆಂಪಾಗಿ, ಎರಡು ಕಡೆ ಬೊಬ್ಬೆ ಎದ್ದಿದ್ದವು. ಮೊಮ್ಮಗಳು ನನ್ನನ್ನು ಏನೂ ಅನ್ನಲಿಲ್ಲ. ಹಾವನ್ನು ಎರಡೂ ಕೈಯಲ್ಲಿ ಹಿಡಿದು ಅಳುತ್ತ ನಿಂತಳು. ಅವಳ ಮುಂದೆ ನಿಂತ ಆ ಎರಡು ನಿಮಿಷವನ್ನು ನಾನು ಮರೆಯಲಾರೆ.

ಈ ಜಾತಿಯ ಮೇಲ್ದುಟಿಯ ಉದ್ದಕ್ಕೂ ಸಣ್ಣ ಗುಳಿಗಳಿವೆ. ಕತ್ತಲಲ್ಲೂ ಇಲಿಯ ಮೈಬಿಸಿಯನ್ನು ದೂರದಿಂದಲೇ ಹಿಡಿಯುವ ಅಂಗಗಳು. ನಮ್ಮ ಪಶ್ಚಿಮಘಟ್ಟದ ಗುಳಿಮಂಡಲಕ್ಕೆ ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಇರುವುದೂ ಅದೇ ಕೆಲಸದ ಅಂಗ. ಆ ಗುಳಿಯೊಳಗೆ ಬಿಸಿಗೆ ಸ್ಪಂದಿಸುವ ಅಣು ಯಾವುದೆಂದು 2010ರಲ್ಲಿ ಕಂಡುಹಿಡಿದದ್ದು ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯ. ಮನುಷ್ಯರ ಮೈ ಬಿಸಿಯನ್ನು ಅರಿಯುವ ಬಗೆ ತೋರಿಸಿದ್ದಕ್ಕಾಗಿ 2021ರಲ್ಲಿ ನೊಬೆಲ್ ಹಂಚಿಕೊಂಡವರೂ ಅವರೇ. ಇಷ್ಟು ಸೂಕ್ಷ್ಮ ಇಂದ್ರಿಯವುಳ್ಳ ಪ್ರಾಣಿ ಸುಡುವ ನೆಲದ ಮೇಲೆ ಏಳದೆ ಮಲಗಿತ್ತು. ಹಾವು ಸಾಕುವವರಿಗೂ ಪಶುವೈದ್ಯರಿಗೂ ಇದು ಹೊಸತಲ್ಲ. ಬಿಸಿ ಕಲ್ಲು, ಹತೋಟಿಯಿಲ್ಲದ ಚಾಪೆ, ಬಲೆ ಹಾಕದ ಬಲ್ಬು ಇವುಗಳಿಂದ ಸುಟ್ಟುಕೊಂಡ ಹಾವುಗಳು ಅವರ ಬಳಿ ಬರುತ್ತಲೇ ಇರುತ್ತವೆ. ಕಾಡಿನಲ್ಲಿ ಸುಡುವಂಥ ಬಿಸಿ ಮೇಲಿನಿಂದ, ಬೆಳಕಿನ ಜೊತೆ ಬರುತ್ತದೆ. ಕತ್ತಲ ಬಿಲದ ನೆಲವೇ ಕೆಂಡವಾಗುವ ಸಂದರ್ಭ ಹಾವಿನ ಬದುಕಿನಲ್ಲಿ ಬರುವುದಿಲ್ಲ. ಬಿಲ ಎಂದರೆ ಅದಕ್ಕೆ ಭದ್ರತೆ. ನಾನು ಆ ಭದ್ರತೆಯ ಅಡಿಯಲ್ಲೇ ಒಲೆ ಉರಿಸಿದ್ದೆ.

ವೈದ್ಯೆ ಗಾಯ ತೊಳೆದು, ಬೆಳ್ಳಿಯ ಅಂಶವಿರುವ ಸುಟ್ಟಗಾಯದ ಮುಲಾಮು ಕೊಟ್ಟರು. ಪುಡಿ ತೆಗೆದು ಬರೀ ಕಾಗದ ಹಾಸಿ, ಗಾಯಕ್ಕೆ ಕಸ ಅಂಟದ ಹಾಗೆ ನೋಡಿಕೊಳ್ಳಿ ಎಂದರು. ಹಾವಿನ ಗಾಯ ಪೂರಾ ಮಾಯಲು ಹಲವು ಪೊರೆಗಳೇ ಕಳಚಬೇಕು ಎಂದೂ ಹೇಳಿದರು. ಚಾಪೆಯನ್ನು ಆ ದಿನವೇ ಕಿತ್ತು ಹಾಕಿದೆವು. ಈಗ ಬಿಸಿ ಬರುವುದು ಮೇಲಿನಿಂದ. ಹಗಲು ಹ್ಯಾಲೊಜನ್ ದೀಪ, ರಾತ್ರಿ ಬೆಳಕಿಲ್ಲದ ಸೆರಾಮಿಕ್ ಹೀಟರ್, ಎರಡಕ್ಕೂ ಹಾವು ಮುಟ್ಟದಂತೆ ತಂತಿಯ ಬಲೆ. ಹ್ಯಾಲೊಜನ್ನಿನ ಕಿರಣ ಬಿಸಿಲಿನಂತೆ ಚರ್ಮದಿಂದ ಒಳಕ್ಕೂ ಇಳಿಯುತ್ತದೆ, ಸೆರಾಮಿಕ್ಕಿನದು ಮೇಲ್ಮೈಯನ್ನಷ್ಟೇ ಕಾಯಿಸುತ್ತದೆ. ರಾತ್ರಿಗೆಂದು ಮಾರುವ ಕೆಂಪು ಬಲ್ಬು ಬೇಡ, ಹಾವಿಗೂ ಕತ್ತಲು ಬೇಕು. ಥರ್ಮೋಸ್ಟಾಟಿನ ಸೆನ್ಸರನ್ನು ತಿರುಪು ಹಾಕಿ ಬಿಗಿದಿದ್ದೇವೆ. ಅದಕ್ಕೆ ಸಂಬಂಧವಿಲ್ಲದ ಒಂದೊಂದು ಥರ್ಮಾಮೀಟರ್ ಎರಡೂ ತುದಿಗಳಲ್ಲಿದೆ, ಮಿತಿ ದಾಟಿದರೆ ಕೂಗುತ್ತದೆ. ಗಾಜಿಗೆ ಅಂಟಿಸುವ ಗಡಿಯಾರದಂಥ ಅಳತೆಗೋಲು ಗೋಡೆಯ ಗಾಳಿಯನ್ನು ಅಳೆಯುತ್ತದೆಯೇ ಹೊರತು ಹಾವು ಮಲಗುವ ನೆಲವನ್ನಲ್ಲ, ಅದನ್ನು ನಂಬುವಂತಿಲ್ಲ. ನೆಲವನ್ನು ದಿನಕ್ಕೊಮ್ಮೆ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ನೋಡುತ್ತಾರೆ. ಎಲ್ಲಕ್ಕಿಂತ ಮೊದಲು ಕೈಯಿಟ್ಟು ನೋಡುವ ಅಭ್ಯಾಸ ಮೊಮ್ಮಗಳಿಗೆ ಬಂದಿದೆ.

ಗಾಯದ ಆ ದಿನಗಳಲ್ಲಿ ರಾತ್ರಿ ನಿದ್ದೆ ಬಾರದಾಗ ಅವಳಿಗೆ ತಾಯಿಹಾವುಗಳ ಕತೆ ಹೇಳುತ್ತಿದ್ದೆ. 1832ರಲ್ಲಿ ಬಂಗಾಳದಿಂದ ಮರಳಿದ ಲಾಮಾರ್‌ಪಿಕೊ ಎಂಬ ಫ್ರೆಂಚ್ ಪ್ರವಾಸಿ, ಭಾರತದ ಹೆಬ್ಬಾವು ಕೋಳಿಯ ಹಾಗೆ ಮೊಟ್ಟೆಗೆ ಕಾವು ಕೊಡುತ್ತದೆ ಎಂದಾಗ ಪ್ಯಾರಿಸ್ಸಿನ ವಿದ್ವಾಂಸರು ಒಪ್ಪಲಿಲ್ಲ. 1841ರಲ್ಲಿ ಅದೇ ಪ್ಯಾರಿಸ್ಸಿನ ಮೃಗಾಲಯದಲ್ಲಿ ಮೊಟ್ಟೆ ಸುತ್ತಿ ಮಲಗಿದ್ದ ಹೆಬ್ಬಾವಿನ ಸುರುಳಿಯೊಳಗೆ ವ್ಯಾಲೆನ್ಸಿಯೆನ್ ಥರ್ಮಾಮೀಟರ್ ಇಟ್ಟು ನೋಡಿದರೆ, ಸುತ್ತಲ ಗಾಳಿಗಿಂತ ಅಲ್ಲಿ ಬಹಳ ಬಿಸಿ. ತಾಯಿ ತನ್ನ ಸ್ನಾಯುಗಳನ್ನು ಅದುರಿಸಿ ಅದುರಿಸಿ ಆ ಬಿಸಿ ಹುಟ್ಟಿಸುತ್ತಾಳೆ ಎಂಬುದು 1966ರಲ್ಲಿ ನ್ಯೂಯಾರ್ಕ್ ಮೃಗಾಲಯದ ಬರ್ಮಾ ಹೆಬ್ಬಾವಿನಿಂದ ಖಚಿತವಾಯಿತು. ತನಗಾಗಿ ಒಲೆ ಹಚ್ಚದ ಪ್ರಾಣಿ ಮೊಟ್ಟೆಗಾಗಿ ಎರಡು ತಿಂಗಳು ಹಚ್ಚುತ್ತದೆ. ನಮ್ಮ ಆಗುಂಬೆಯ ಕಾಳಿಂಗ ತರಗೆಲೆಗಳನ್ನು ಮೈಯಿಂದ ಎಳೆದು ರಾಶಿ ಹಾಕಿ ಗೂಡು ಕಟ್ಟಿ ಅದರ ನಡುವೆ ಮೊಟ್ಟೆಯಿಡುತ್ತದೆ, ಎಲೆಯ ರಾಶಿ ಮಳೆಗಾಲದಲ್ಲೂ ಅದನ್ನು ಬೆಚ್ಚಗೆ ಕಾಯುತ್ತದೆ. “ಉಂಡೆನೂ ಅದುರಿಸ್ತಾಳಾ ಅಜ್ಜಾ?” ಎಂದು ಕೇಳಿದಳು. ಇಲ್ಲ. ಅವಳ ಜಾತಿಯ ತಾಯಿ ಮೊಟ್ಟೆಗಳನ್ನು ಸುತ್ತಿ ಕೂರುತ್ತಾಳೆ, ತೇವ ಆರದಂತೆ ಕಾಯುತ್ತಾಳೆ, ಬಿಸಿ ಹುಟ್ಟಿಸುವುದಿಲ್ಲ.

ಏಪ್ರಿಲ್‌ನಲ್ಲಿ ಊರಿಗೆ ಬಂದೆ. ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಇದನ್ನೆಲ್ಲ ಕೇಳಿ, “ಸರ್, ನಮ್ಮ ಮಗನೂ ಹಟ ಮಾಡ್ತಿದ್ದಾನೆ, ಒಂದು ತರಿಸಲಾ?” ಎಂದ. ಅವನಿಗೆ ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ. ನಾಗರ, ಕೇರೆ, ನಮ್ಮ ಹೆಬ್ಬಾವು ಇವನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಅದು ಹಾಗೇ ಇರಬೇಕು. ಹೊರದೇಶದ ಬಾಲ್ ಪೈಥಾನ್‌ಗೆ ಸರ್ಕಾರದಲ್ಲಿ ನೋಂದಣಿ ಕಡ್ಡಾಯ. ಆದರೆ 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜಿನಲ್ಲಿ 55 ಬಾಲ್ ಪೈಥಾನ್‌ಗಳು, 17 ಕಾಳಿಂಗಗಳು ಸಿಕ್ಕವು. ಜೊತೆಗಿದ್ದ ಆರು ಕೋತಿಗಳು ಸತ್ತಿದ್ದವು. ಬಿಸಿಗೂ ತಂಪಿಗೂ ಅಲುಗಾಡಲು ಜಾಗವಿಲ್ಲದೆ ಮಡಚಿಟ್ಟ ಆ ಹಾವುಗಳನ್ನು ನೆನೆದರೆ ಸಂಕಟವಾಗುತ್ತದೆ. ಕದ್ದು ತಂದದ್ದನ್ನು ಕೊಳ್ಳುವವರಿದ್ದಾರೆ ಎಂದೇ ತರುವವರಿದ್ದಾರೆ. ಇಪ್ಪತ್ತು ಮೂವತ್ತು ವರ್ಷ ಬದುಕುವ ಪ್ರಾಣಿ ಅದು. ಹುಡುಗ ಕಾಲೇಜು ಮುಗಿಸಿ ಊರು ಬಿಟ್ಟ ಮೇಲೂ ಯಾರಾದರೂ ಆ ಸೆನ್ಸರನ್ನು ಪ್ರತಿದಿನ ನೋಡಬೇಕು. ತೋಟಕ್ಕೆ ಕರೆದುಕೊಂಡು ಬಾ, ಪಾಗಾರದ ಮೇಲಿನ ಕೇರೆಯನ್ನು ದೂರದಿಂದ ತೋರಿಸೋಣ ಎಂದೆ.

ಉಂಡೆ ಆಮೇಲೆ ಮೂರು ಸಲ ಪೊರೆ ಬಿಟ್ಟಿದ್ದಾಳೆ. ಮೊದಲ ಪೊರೆಯ ಹೊಟ್ಟೆಯ ಕಡೆ ಗಾಯದ ಗುರುತು ಮುದುರಿದ ಕಾಗದದ ಹಾಗಿತ್ತು, ಮೊಮ್ಮಗಳು ಕಿಟಕಿಗೆ ಹಿಡಿದು ಫೋಟೊ ಕಳಿಸಿದ್ದಳು. ಮೂರನೆಯದರಲ್ಲಿ ಹುಡುಕಿದರಷ್ಟೇ ಕಾಣುತ್ತಿತ್ತು. ಪ್ರತಿ ಸಂಜೆ ಅಲ್ಲಿ ಬೆಳಗಾಗುವ ಹೊತ್ತಿಗೆ ನನ್ನ ಫೋನಿಗೆ ಸಂದೇಶವೊಂದು ಬರುತ್ತದೆ. ಇವತ್ತಿನದರಲ್ಲಿ ಇದ್ದದ್ದು ಒಂದೇ ಪದ: ನಡುವೆ.